ಕಾಲುಳ್ಳ ಅಕ್ಷರಗಳು

ತೆಲುಗು ನಾಡಿನ ಗಾಜುವಾಕದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಹಿರಿಯರೊಬ್ಬರು ಕಾರ್ಖಾನೆಯೊಂದರ ಪತ್ರಿಕೆಗೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುತ್ತಿದ್ದರು. ಇಂಗ್ಲಿಷ್ ಅಕ್ಷರಗಳ ತುದಿಗೆ ಸಣ್ಣ ಪಾದಗಳಿರುವ ಹಳೆಯ ಫಾಂಟೇ ಅವರಿಗೆ ಪ್ರಿಯ. "ಅಕ್ಷರಕ್ಕ ಕಾಲಿರಬೇಕ್ರೀ, ಅಂದ್ರ ಸಾಲಿನ್ಯಾಗ ಗಟ್ಟಿ ನಿಂದರತಾವ" ಎನ್ನುತ್ತ ಬೆರಳಿಂದ ಗಾಳಿಯಲ್ಲಿ ಬರೆದು ತೋರಿಸುವರು.

ಮಗಳ ಮದುವೆಯ ಕಾರ್ಡನ್ನು ಅದೇ ಫಾಂಟಿನಲ್ಲಿ ವಾರಗಟ್ಟಲೆ ಕೂತು ಜೋಡಿಸಿ ಅಚ್ಚು ಹಾಕಿಸಿದರು. ಅಷ್ಟರೊಳಗೆ ವಿಜಯವಾಡದ ಬೀಗರು ಎರಡೂ ಮನೆಯ ಹೆಸರಲ್ಲಿ ಬಳುಕುವ ಅಕ್ಷರದ ಕಾರ್ಡು ಹಂಚಿಬಿಟ್ಟಿದ್ದರು.

"ಇನ್ನೊಂದು ಬ್ಯಾಡ ನಾನ್ನಾ, ಅವರು ಬೇಜಾರ ಮಾಡ್ಕೋತಾರ" ಎಂದಳು ತೆಲುಗಿನಲ್ಲೇ ಬೆಳೆದು ಅಪ್ಪನನ್ನು ಹಾಗೇ ಕರೆಯುತ್ತಿದ್ದ ಮಗಳು. ಅಪ್ಪ ತಮ್ಮ ಕಾರ್ಡುಗಳ ಕಟ್ಟನ್ನು ಅಟ್ಟಕ್ಕೇರಿಸಿದರು.

ಮಗಳನ್ನು ಗಂಡನ ಮನೆಗೆ ಕಳಿಸಿ ಬಂದ ಮರುದಿನ ಒಂದು ಕಾರ್ಡನ್ನು ನನ್ನ ಕೈಗಿಟ್ಟರು. "ಮದುವಿ ಮುಗದೈತ್ರೀ. ಬರೇ ಓದ್ರಿ."

ನಾನು ಗಟ್ಟಿಯಾಗಿ ಓದಿದೆ. ಮಗಳ ಹೆಸರು ಬಂದಾಗ ಅವರು ಮುಖ ತಿರುಗಿಸಿ, "ಅದೊಂದು ಇನ್ನೊಮ್ಮೆ" ಎಂದರು.