ಕೆಂಚಮ್ಮ ಕೇಳದ ಕೊನೆಯ ಅಧ್ಯಾಯ

ಹಿರೇನಲ್ಲೂರಿನ ಕೊಬ್ಬರಿ ಶೆಡ್ಡಿನಲ್ಲಿ ಕೆಂಚಮ್ಮನಷ್ಟು ಕೈ ಹಿಡಿತವಿದ್ದವಳು ಇನ್ನೊಬ್ಬಳಿರಲಿಲ್ಲ. ಮಚ್ಚಿನಿಂದ ಕರಟ ಒಡೆದರೆ ಒಳಗಿನ ಕೊಬ್ಬರಿ ಉಂಡೆಯಾಗಿಯೇ ಹೊರಬರಬೇಕು, ಹೋಳಾದರೆ ಬೆಲೆಯಿಲ್ಲ. ಇಪ್ಪತ್ತು ವರ್ಷದಲ್ಲಿ ಅವಳು ಹೋಳು ಮಾಡಿದ್ದು ಬೆರಳಲ್ಲಿ ಎಣಿಸುವಷ್ಟು. ಮಕ್ಕಳಿಲ್ಲ, ಗಂಡ ಸತ್ತು ಆರು ವರ್ಷ, ಓದು ಬರದು. ಅವಳ ಬಗ್ಗೆ ಊರಿಗೆ ಗೊತ್ತಿದ್ದದ್ದು ಇಷ್ಟೇ.

ಪಂಚಾಯ್ತಿ ಲೈಬ್ರರಿಯಿಂದ ಕೋಮಲಾ ಆ ಕಾದಂಬರಿ ತಂದಳು. ದೊಡ್ಡ ಬಹುಮಾನ ಬಂದದ್ದಂತೆ, ರಟ್ಟಿನ ಮೇಲೇ ಅಚ್ಚಾಗಿತ್ತು. ಶೆಡ್ಡಿನಲ್ಲಿ ಸರಾಗವಾಗಿ ಓದಬಲ್ಲವಳು ಅವಳೊಬ್ಬಳೇ. ಅವಳು ಗಟ್ಟಿಯಾಗಿ ಓದುವುದು, ಅವಳ ಪಾಲಿನ ಕಾಯಿಯನ್ನು ಉಳಿದವರು ಹಂಚಿಕೊಂಡು ಒಡೆಯುವುದು ಎಂದು ಮಾತಾಯಿತು. ಹೆಚ್ಚಿನ ಪಾಲನ್ನು ಕೆಂಚಮ್ಮನೇ ಎಳೆದುಕೊಂಡಳು. ಕಥೆಯ ರುಚಿ ಹತ್ತಿತ್ತು. ಬೆಳಗಾದರೆ ಎಲ್ಲರಿಗಿಂತ ಮೊದಲು ಬಂದು ಕೋಮಲಳಿಗೆ ಗೋಣಿಚೀಲ ಹಾಸಿಡುತ್ತಿದ್ದಳು.

ಏಳನೇ ಅಧ್ಯಾಯದಲ್ಲಿ, ಗಂಡ ತೀರಿಕೊಂಡ ಹೆಂಗಸೊಬ್ಬಳು ಎರಡನೇ ಮದುವೆಗೆ ಅಡ್ಡಿಯಾಗುತ್ತದೆಂದು ಮೂರು ತಿಂಗಳ ಹೆಣ್ಣುಮಗುವನ್ನು ಯಾರಿಗೋ ಕೊಟ್ಟುಬಿಡುತ್ತಾಳೆ. ಕೋಮಲಾ ಪುಟ ತಿರುವುತ್ತಿದ್ದಂತೆ ಕೆಂಚಮ್ಮ ಕೇಳಿದಳು:

"ಎದೇಲಿ ಹಾಲು ಕಟ್ಕಂಡು ಕಲ್ಲಾಯ್ತದಲ್ಲ, ಸೆರಗು ತಾಗಿದ್ರೂ ಪ್ರಾಣ ಹೋಯ್ತದೆ. ಅದ್ನ ಬರ್ದಿಲ್ವೇನೇ?"

ಮಚ್ಚುಗಳೆಲ್ಲ ನಿಂತವು.

"ನಿಂಗೆಂಗೆ ಗೊತ್ತು ಕೆಂಚಕ್ಕ?" ಎಂದಳು ದಿನಾ ಕಾಯಿ ಪಾಲು ಹಾಕುವ ಪಾಪಮ್ಮ, ತೀರ ಮೆತ್ತಗೆ.

ಕೆಂಚಮ್ಮನ ಕೈಯಲ್ಲಿದ್ದ ಕೊಬ್ಬರಿ ಎರಡು ಹೋಳಾಯಿತು. ಈ ಊರಿಗೆ ಮದುವೆಯಾಗಿ ಬರುವ ಮೊದಲು ತರೀಕೆರೆ ಸ್ಟೇಷನ್ನಿನಲ್ಲಿ ಅಣ್ಣ ತನ್ನ ಮಗುವನ್ನು ಕಿತ್ತು ಯಾರದೋ ಕೈಗೆ ಕೊಟ್ಟದ್ದು, ತಾನು ತುಟಿ ಬಿಚ್ಚದೆ ನಿಂತದ್ದು, ಮೂವತ್ತೆರಡು ವರ್ಷ ಬಚ್ಚಿಟ್ಟದ್ದು ಒಂದೇ ಮಾತಿಗೆ ಬಯಲಾಗಿತ್ತು.

ಆಮೇಲೆ ಕಾದಂಬರಿಯ ರುಚಿಯೇ ಬೇರೆಯಾಯಿತು. "ಆ ಏಳ್ನೇದು ಇನ್ನೊಂದ್ಸಲ ಓದು ಕಣೇ" ಎಂದು ಹೆಂಗಸರು ದಿನಾ ಕೇಳುವರು. ಕಿವಿ ಕೋಮಲಳ ಕಡೆಗೆ, ಕಣ್ಣು ಕೆಂಚಮ್ಮನ ಮುಖಕ್ಕೆ. ಇಂಥ ಪುಕ್ಕಟೆ ನಾಟಕ ಎಲ್ಲಿ ಸಿಗಬೇಕು! ಕೆಂಚಮ್ಮ ಎದ್ದು ಹೋಗಲಿಲ್ಲ. ಪುಸ್ತಕದ ಆ ಮಗು ಬೆಳೆದು ದೊಡ್ಡವಳಾಗಿ ತಾಯಿಯನ್ನು ಹುಡುಕಿ ಹೊರಟಿದ್ದಳು. ಸಿಕ್ಕಾಗ ಏನಂದಾಳು? ಅದೊಂದು ಕೇಳಿಬಿಟ್ಟರೆ ಸಾಕಿತ್ತು ಅವಳಿಗೆ.

ಕೆಂಚಮ್ಮ ಜ್ವರ ಬಂದು ಮಲಗಿದ ದಿನವೇ ಕೊನೆಯ ಅಧ್ಯಾಯ ಓದಿ ಮುಗಿಸಿದರು. ಬೇಕೆಂದೇ. ಮಾರನೇ ದಿನ ತಲೆಗೆ ಟವಲ್ ಸುತ್ತಿಕೊಂಡು ಬಂದವಳು ಕೂರುವ ಮೊದಲೇ ಕೇಳಿದಳು: "ಮಗ್ಳು ಬಂದ್ಲಾ?"

"ಬಂದ್ಲು ಕಣಕ್ಕ," ಎಂದಳು ಪಾಪಮ್ಮ. "ಬಾಗ್ಲಲ್ಲೇ ನಿಂತ್ಕಂಡು ಅವ್ವನ ಮುಖಕ್ಕೆ ಉಗ್ದು ಹೋದ್ಲು."

ಯಾರೋ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಪುಸ್ತಕದಲ್ಲಿ ಹಾಗಿರಲಿಲ್ಲ. ಮಗಳು ನೇರ ಅಡುಗೆಮನೆಗೆ ಬಂದು ಕೂತು "ಹಸಿವಾಗ್ತಿದೆ ಅಮ್ಮ" ಎಂದಿದ್ದಳು. ಅದನ್ನು ಕೇಳಿ ಇದೇ ಪಾಪಮ್ಮ ಕಣ್ಣೊರೆಸಿಕೊಂಡಿದ್ದಳು.

ಕೆಂಚಮ್ಮ ಕೋಮಲಳ ಮುಖ ನೋಡಿದಳು. ಪಾಪಮ್ಮನನ್ನು ಎದುರು ಹಾಕಿಕೊಂಡರೆ ಕೋಮಲಾ ನಾಳೆಯಿಂದ ತನ್ನ ಪಾಲಿನ ಕಾಯಿ ತಾನೇ ಒಡೆಯಬೇಕಾಗುತ್ತಿತ್ತು. ಕೋಮಲಾ ತಲೆ ತಗ್ಗಿಸಿ "ಹೂಂ" ಎಂದಳು.

"ಸರ್ಯಾಗೇ ಬರ್ದವ್ರೆ ಬಿಡು," ಎಂದು ಕೆಂಚಮ್ಮ ಮಚ್ಚು ಎತ್ತಿಕೊಂಡು, ಮೊದಲು ಕೋಮಲಳ ಪಾಲಿನ ಕಾಯಿ ಎಳೆದುಕೊಂಡಳು.