ನನಗೇ ಕೊಟ್ಟಳೆಂಬ ಖುಷಿ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಯಾರೋ ಕಂಡುಹಿಡಿದವರಂತೆ ಹೇಳುವುದು ಬೇಡ. ಕೊಟ್ಟೂರಿನ ನಮ್ಮ ಓಣಿಗೆ ನಾನು ಹರಪನಹಳ್ಳಿಯಿಂದ, ನನ್ನ ಗೆಳತಿ ಹಡಗಲಿಯಿಂದ, ಒಂದೇ ವರ್ಷ ಸೊಸೆಯರಾಗಿ ಬಂದೆವು. ಎದುರುಬದುರು ಮನೆ. ಇಪ್ಪತ್ತೈದು ವರ್ಷ ಸಂತೆಗೆ ಕೂಡಿಯೇ ಹೋದೆವು, ಒಂದೇ ಪೊಟ್ಟಣದ ಮಂಡಕ್ಕಿಗೆ ಇಬ್ಬರೂ ಕೈ ಹಾಕಿದೆವು. ಅವಳು ಬೇರೆ ಯಾರ ಜೊತೆಗಾದರೂ ಶೇಂಗಾ ಸುಲಿಯುತ್ತ ನಕ್ಕರೆ ಅವತ್ತು ನನಗೆ ಊಟ ಸೇರುತ್ತಿರಲಿಲ್ಲ. ನನ್ನ ಗಂಡ ಕಿರಾಣಿ ಅಂಗಡಿಯ ಗಲ್ಲಾದ ಮೇಲೆ ಕುಳಿತು ಕಾಡಿಸುತ್ತಿದ್ದರು: "ನನ್ನ ಬಿಟ್ಟು ಆಕಿನ್ನ ಲಗ್ನ ಆಗಬೇಕಿತ್ತು ನೋಡು ನೀನು."

ಮೂರು ವರ್ಷದ ಹಿಂದೆ ಗೆಳತಿಯ ಗಂಡ ತನ್ನ ಜೀವ ತಾನೇ ತೆಗೆದುಕೊಂಡ. ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮೆತ್ತಗಿನ ಮನುಷ್ಯ. ಊರಿನವರಿಗೆಲ್ಲ ಒಂದೊಂದು ಕಾರಣ ಸಿಕ್ಕಿತು. ನನಗೆ ಇವತ್ತಿಗೂ ಪೂರ್ತಿ ಸಿಕ್ಕಿಲ್ಲ.

ನೆಂಟರಿಷ್ಟರು ಬರುವ ಮೊದಲೇ ನಾನು ಓಣಿಯ ತುದಿಯಲ್ಲಿ ನಿಂತೆ. "ಹಾರ್ಟ್ ಅಟ್ಯಾಕ್ ಆತು. ಕೇಳಿದೋರಿಗೆಲ್ಲ ಅಷ್ಟ ಹೇಳ್ರಿ, ಮಗಳ ಲಗ್ನ ಆಗೋದೈತಿ" ಎಂದೆ. ಪೊಲೀಸರು ಬಂದು ಹೋದದ್ದನ್ನು ಎಲ್ಲರೂ ಕಂಡಿದ್ದರು. ಆದರೂ ಎಲ್ಲರೂ ಹಾರ್ಟು ಎಂದರು. ನಳದ ನೀರಿಗೆ ಜುಟ್ಟು ಹಿಡಿದು ಜಗಳಾಡುವ ಓಣಿ ನಮ್ಮದು, ಮಾನದ ಮಾತು ಬಂದರೆ ಮಾತ್ರ ಒಂದೇ ಬಾಯಿ.

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಅಕ್ಕಪಕ್ಕದವರು ಬುತ್ತಿ ತರುತ್ತಾರೆ. ಯಾವತ್ತು ಯಾರ ಮನೆಯ ರೊಟ್ಟಿ ಎಂದು ಪಾಳಿ ಹಚ್ಚಿದವಳೂ ನಾನೇ. ಬುತ್ತಿ ತಂದವರು ಅವನ ಮಾತು ಎತ್ತಿದರೆ ಕೆಮ್ಮುತ್ತಿದ್ದೆ. ಗೂಟಕ್ಕೆ ನೇತುಬಿದ್ದಿದ್ದ ಅವನ ಅಂಗಿಗಳನ್ನು ಟ್ರಂಕಿಗೆ ಸೇರಿಸಿದೆ, ಗೋಡೆಯ ಮೇಲಿನ ಫೋಟೊ ಇಳಿಸಿಟ್ಟೆ. ಗೆಳತಿ ಸುಮ್ಮನೆ ನೋಡುತ್ತಿದ್ದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ನಾನಿರುವುದರಿಂದ ಧೈರ್ಯ ತಂದುಕೊಂಡಿದ್ದಾಳೆ ಎಂದು ಒಳಗೊಳಗೇ ಉಬ್ಬಿದೆ.

ಸೂತಕದ ದಿನಗಳು ಮುಗಿದವು, ಬುತ್ತಿಯೂ ನಿಂತಿತು. ಆಮೇಲೂ ಬರುತ್ತಿದ್ದವಳು ನಮ್ಮ ಭಾಗದ ಆಶಾ ಕಾರ್ಯಕರ್ತೆ ಒಬ್ಬಳೇ. ಗುಲಾಬಿ ಸೀರೆ, ನಮಗಿಂತ ಹತ್ತು ವರ್ಷ ಸಣ್ಣವಳು, ಊರಾಚೆಯ ಕಾಲೊನಿಯವಳು. ಪೋಲಿಯೊ ಹನಿ, ಬಾಣಂತಿಯರ ಕಾರ್ಡು ಬಿಟ್ಟು ಅವಳಿಗೆ ಈ ಓಣಿಯಲ್ಲಿ ಬೇರೇನೂ ಕೆಲಸವಿರಲಿಲ್ಲ. ಮಧ್ಯಾಹ್ನ ಬಂದರೆ ಒಂದು ತಾಸು. ನಾನು ನನ್ನ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತ ಕೂರುತ್ತಿದ್ದೆ. ಒಂದು ದಿನ ಒಳಗಿನಿಂದ ಅಳು ಕೇಳಿತು. ನನ್ನ ಗೆಳತಿಯ ಅಳು, ಬಾಯಿ ಬಿಟ್ಟು, ಕರುಳು ಕಿತ್ತು ಬರುವಂಥದ್ದು. ನನ್ನ ಮುಂದೆ ಅಳದವಳು ಇವಳ ಮುಂದೆ ಅಳುತ್ತಿದ್ದಳು. ಬೇರೆಯವರಾಗಿದ್ದರೆ ಪಾಪ ಎನ್ನುತ್ತಿದ್ದರೇನೋ. ನನಗೆ ಮೈ ಉರಿಯಿತು.

ಮತ್ತೊಂದು ದಿನ ಮೊಸರಿನ ನೆವ ಮಾಡಿ ಹೋದೆ. ಬಾಗಿಲ ಬಳಿ ನಿಂತಾಗ ಗುಲಾಬಿ ಸೀರೆಯವಳ ದನಿ ಕೇಳಿತು: "ಅಕ್ಕಾ, ನಿಮಗೂ ಸಾಯಬೇಕು ಅನ್ನಿಸ್ತೈತೇನ್ರಿ?"

ನಾನು ಒಳಗೆ ನುಗ್ಗಿದೆ. "ಇಲ್ಲದ್ದನ್ನ ತಲಿಗೆ ತುಂಬಾಕತ್ತೀಯೇನು? ಸತ್ತ ಮನಿಯಾಗ ಕೇಳೋ ಮಾತೇನವ್ವ ಇದು? ನಡಿ ಹೊರಗ!"

ಅವಳು ಸಿಟ್ಟಾಗಲಿಲ್ಲ. "ಕೇಳಿದ್ರ ತುಂಬಂಗಿಲ್ರಿ ಅಕ್ಕಾರ, ಒಳಗಿದ್ದದ್ದು ಹೊರಗ ಬರ್ತೈತಿ" ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದಳು. ಇವತ್ತು ನಿಜ ಹೇಳುತ್ತೇನೆ, ನನ್ನನ್ನು ಕೆರಳಿಸಿದ್ದು ಆ ಮಾತಲ್ಲ. ಅವರಿಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದರು.

ಆಮೇಲೆ ನಾಲ್ಕು ದಿನ ನಾನು ಬಾಗಿಲು ಕಾದೆ. ಅವಳು ಎರಡು ಸಲ ಬಂದಳು, "ಮಲಗ್ಯಾಳ" ಎಂದು ಎರಡು ಸಲವೂ ಹೊರಗಿನಿಂದಲೇ ಕಳಿಸಿದೆ. ಗೆಳತಿ ನಾನು ಬಡಿಸಿದ್ದನ್ನು ಉಂಡಳು, ಹೇಳಿದಾಗ ತಲೆ ಬಾಚಿಕೊಂಡಳು. ನಾಲ್ಕನೆಯ ದಿನ ತಾನಾಗಿ ಕಪಾಟು ತೆಗೆದು ತನ್ನ ಇಳಕಲ್ ಸೀರೆ ನನ್ನ ಮಡಿಲಿಗೆ ಹಾಕಿದಳು.

"ನಿನಗ ಈ ಸೀರಿ ಮೊದಲಿಂದ ಮನಸಿತ್ತಲ್ಲ, ಉಟ್ಕೊ" ಎಂದಳು. ಮುಖದಲ್ಲಿ ಒಂದು ಥರದ ಸಮಾಧಾನವಿತ್ತು. ಬಹಳ ದಿನದ ಮೇಲೆ ನಕ್ಕಳು ಕೂಡ.

ನನಗೆ ಆದ ಖುಷಿ! ನನಗೇ ಕೊಟ್ಟಳು, ಅವಳಿಗಲ್ಲ. ಮರುದಿನ ಬೆಳಿಗ್ಗೆಯೇ ಆ ಸೀರೆ ಉಟ್ಟು, ಗುಲಾಬಿ ಸೀರೆಯವಳು ಆ ಹೊತ್ತಿಗೆ ಬರುವ ಅಂಗನವಾಡಿಯ ಮುಂದೆ ಬೇಕೆಂದೇ ಹಾದುಹೋದೆ. ಅವಳು ನೋಡಿದಳು. ನೋಡಲೆಂದೇ ಹೋಗಿದ್ದೆನಲ್ಲ.

"ಅದು ಎದರುಮನಿ ಅಕ್ಕನ ಸೀರಿ ಅಲ್ಲೇನ್ರಿ?"

"ಹೂಂ. ನನಗ ಕೊಟ್ಟಾಳ."

"ಮತ್ತ ಏನೇನು ಕೊಟ್ಟಾರ್ರಿ? ಯಾರ್ಯಾರಿಗೆ?"

ಹೇಳತೊಡಗಿದ ಮೇಲೆಯೇ ನನಗೂ ಕೇಳಿಸಿತು. ಪಕ್ಕದ ಮನೆಗೆ ತಾಮ್ರದ ಹಂಡೆ. ಹಾಸ್ಟೆಲಿಗೆ ಹೊರಟ ಮಗಳಿಗೆ ತನ್ನ ಬೆಂಡೋಲೆ. ನಾದಿನಿಗೆ ಹೊಲಿಗೆ ಮಿಷನ್ನು. ಹೊರಟು ನಿಂತವರು ಹಂಚುವ ಹಾಗೆ. ನಾನು ಮುಗಿಸುವುದರೊಳಗೆ ಅವಳು ರಿಜಿಸ್ಟರನ್ನು ಅಲ್ಲೇ ಬಿಟ್ಟು ಓಡಿದಳು. ನಾನು ಗೆಳತಿಯ ಸೀರೆಯ ನಿರಿಗೆ ಎತ್ತಿ ಹಿಡಿದು ಹಿಂದೆ ಓಡಿದೆ.

ಗೆಳತಿ ನಡುಮನೆಯಲ್ಲಿ ಒಬ್ಬಳೇ ಕುಳಿತಿದ್ದಳು. ಗುಲಾಬಿ ಸೀರೆಯವಳು ಎದುರಿಗೆ ಕುಳಿತು ಕೈ ಹಿಡಿದು ಅದೇ ಮಾತನ್ನು ಮತ್ತೆ ಕೇಳಿದಳು. ಈ ಸಲ ನಾನು ಬಾಯಿ ತೆಗೆಯಲಿಲ್ಲ. ಗೆಳತಿ ನನ್ನ ಮೈಮೇಲಿನ ತನ್ನ ಸೀರೆಯನ್ನು ನೋಡುತ್ತ "ಹೂಂ" ಎಂದಳು.

"ನನ್ ಮುಂದ ಯಾಕ ಹೇಳ್ಲಿಲ್ಲ ಲೇ?" ಎಂದೆ. ಆಗಲೂ ನನ್ನ ಬಾಯಿಂದ ಬಂದದ್ದು ಅದೇ ನೋಡಿ.

"ನಿನ್ ಮುಂದ ಹೆಂಗ ಹೇಳ್ಲಿ? ನೀ ಹಾರ್ಟು ಅಂದಿ. ಓಣಿಗೆಲ್ಲ ಹಾರ್ಟು ಅಂತ ಕಲಿಸಿದಿ. ಅವ್ರು ಹೆಂಗ ಹೋದ್ರು ಅಂತ ಅಳಾಕ ನನಗ ಜಾಗಾನ ಇಡ್ಲಿಲ್ಲ ನೀನು."

ನಾನೂ ಅವರ ಹತ್ತಿರ ನೆಲದ ಮೇಲೆ ಕುಳಿತೆ. ಗುಲಾಬಿ ಸೀರೆಯವಳು ನನ್ನನ್ನು ಬೈಯಬಹುದಿತ್ತು. ಬೈದಿದ್ದರೆ ಸುಲಭವಾಗುತ್ತಿತ್ತು. ಅವಳು ನನ್ನ ಸೆರಗನ್ನು ಮೆಲ್ಲಗೆ ಮುಟ್ಟಿ, "ಹಗರಿಬೊಮ್ಮನಹಳ್ಳ್ಯಾಗ ನಮ್ಮಣ್ಣ ಸಾಯೋ ಹಿಂದಿನ ದಿನ ನನಗ ತನ್ನ ವಾಚ್ ಕೊಟ್ಟಿದ್ದರಿ. ನಾನೂ ಖುಷೀಲೆ ಇಸ್ಕೊಂಡಿದ್ದೆ" ಎಂದಳು. ಅವಳು ಈ ಮನೆಗೆ ಯಾಕೆ ಬರುತ್ತಿದ್ದಳೆಂದು ನನಗೆ ಆಗ ತಿಳಿಯಿತು.

ಅವತ್ತೇ ಮೂವರೂ ಸರ್ಕಾರಿ ಆಸ್ಪತ್ರೆಗೆ ಹೋದೆವು. ಡಾಕ್ಟರು ಔಷಧಿ ಬರೆದರು, ಮನಸ್ಸಿನ ಡಾಕ್ಟರು ಬರುವ ದಿನ ಹೇಳಿದರು. ಮಗಳಿಗೆ ಎಲ್ಲವನ್ನೂ ತಿಳಿಸಿದೆವು, ಮನೆಯಲ್ಲಿ ಇರಬಾರದ್ದನ್ನು ತೆಗೆದೆವು, ಸೀರೆಯನ್ನು ಮಡಚಿ ಕಪಾಟಿಗೆ ವಾಪಸ್ ಇಟ್ಟೆ. ಓಣಿಯ ಹೆಂಗಸರನ್ನು ಕೂಡಿಸಿ ಗೆಳತಿ ತಾನೇ ಹೇಳಿದಳು: "ಹಾರ್ಟಲ್ರಿ." ಯಾರೂ ಎದ್ದು ಹೋಗಲಿಲ್ಲ. ಪಾಳಿ ಮತ್ತೆ ಶುರುವಾಯಿತು, ಈ ಸಲ ರೊಟ್ಟಿಯದ್ದಲ್ಲ, ಅವಳ ಹತ್ತಿರ ಕೂರುವುದರದ್ದು. ಒಬ್ಬಳನ್ನೇ ಬಿಡುವಂತಿಲ್ಲ, ಅವನ ಮಾತು ಬಂದರೆ ಕೆಮ್ಮುವಂತಿಲ್ಲ. ನನಗೆ ಎರಡನೆಯದೇ ಕಷ್ಟವಾಯಿತು. ಎಂಟು ದಿನ ಕಳೆದಿರಲಿಲ್ಲ, ಮೂಲೆಮನೆಯಾಕೆ ಪಾಳಿಗೆ ಬಂದವಳು ತನ್ನ ಮಗನೂ ಸಾಯುವ ಮಾತಾಡುತ್ತಿದ್ದಾನೆಂದು ಗೆಳತಿಯ ಕಿವಿಯಲ್ಲಿ ಹೇಳಿದಳು. ಆ ಮಗನನ್ನೂ ಆಸ್ಪತ್ರೆಗೆ ಕರೆದೊಯ್ದರು. ಈಗ ಕೂಡ್ಲಿಗಿಯಲ್ಲಿ ಕೆಲಸಕ್ಕಿದ್ದಾನೆ.

ಗೆಳತಿ ಬದುಕಿದ್ದಾಳೆ. ಎಲ್ಲ ದಿನವೂ ಒಂದೇ ಥರ ಇರುವುದಿಲ್ಲ, ಕೆಟ್ಟ ದಿನಗಳೂ ಬರುತ್ತವೆ. ಹೊಸಹಳ್ಳಿ, ಚಿಗಟೇರಿ ಕಡೆ ಯಾವ ಮನೆಯಲ್ಲಾದರೂ ಇಂಥ ಸಾವಾದರೆ ಅವಳು ಮತ್ತು ಗುಲಾಬಿ ಸೀರೆಯವಳು ಬಸ್ಸು ಹತ್ತಿ ಹೋಗುತ್ತಾರೆ, ದಿನಗಳು ಮುಗಿದ ಮೇಲೂ ಹೋಗುತ್ತಾರೆ. ನಾನೂ ಬರುತ್ತೇನೆಂದರೆ, "ಬ್ಯಾಡ ಮಾರಾಯ್ತಿ, ನಿನಗ ಸುಮ್ನ ಕುಂದ್ರಾಕ ಬರಂಗಿಲ್ಲ" ಎನ್ನುತ್ತಾಳೆ.

ಹೋದ ವಾರವೂ ಹೋಗಿದ್ದರು. ಸಂಜೆ ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಇಬ್ಬರೂ ಏನೋ ಮಾತಾಡಿಕೊಂಡು ಒಬ್ಬರ ಹೆಗಲಿಗೊಬ್ಬರು ಒರಗಿ ನಗುತ್ತ ಓಣಿಯೊಳಗೆ ಬಂದರು. ಏನಕ್ಕೆ ನಕ್ಕಿರೆಂದು ಕೇಳಿದರೆ ಹೇಳಲಿಲ್ಲ. ಹೊಟ್ಟೆ ಧಗಧಗ ಉರಿಯಿತು. ಉರಿಯಲಿ. ಅವಳು ಮನೆಗೆ ಬಂದಿದ್ದಳಲ್ಲ.