ಶುಕ್ರವಾರ ಹಚ್ಚಿದ ಕೆಂಪು ದೀಪ

ಎಲೆಕ್ಟ್ರಾನಿಕ್ ಚಿಪ್ಪಿನ ಗುಣ ತಿಳಿಯಲು ನನ್ನದೊಂದು ಒರಟು ಪರೀಕ್ಷೆಯಿತ್ತು. ಸ್ವಲ್ಪ ಹೊತ್ತು ಓಡಿಸಿ ಮೇಲೆ ಬೆರಳಿಡುವುದು. ಸುಟ್ಟರೆ, ಬ್ಯಾಟರಿ ತಿನ್ನುವ ಬಕಾಸುರ ಎಂದು ಪಕ್ಕಕ್ಕಿಡುವುದು.

ಎಂಬತ್ತರ ದಶಕದ ಕೊನೆ. ಮಾಲೂರಿನ ಸಣ್ಣ ಕಾರ್ಖಾನೆಯಲ್ಲಿ ಕೈಯಲ್ಲಿ ಹಿಡಿಯುವ ವೈರ್‌ಲೆಸ್ ಸೆಟ್ ಮಾಡುತ್ತಿದ್ದೆವು. ಗೊರಗೊರ ಸದ್ದಿನಿಂದ ಮಾತನ್ನು ಸೋಸಿ ಕೊಡಲು ಯಾವ ಚಿಪ್ಪು ಹಾಕಬೇಕು ಎಂಬುದೇ ಜಗಳ. ನಮ್ಮ ಚೀಫ್ ಇಂಜಿನಿಯರ್ ಮೆಚ್ಚಿದ್ದು ಬಲು ಚುರುಕಿನದು, ಮುಟ್ಟಿದರೆ ಕಾದ ಕಾವಲಿ. ನನ್ನದು ನಿಧಾನ, ಆದರೆ ತಣ್ಣಗಿರುತ್ತಿತ್ತು, ಮಾತಿಲ್ಲದಾಗ ಬ್ಯಾಟರಿ ಉಳಿಸಲು ಮಲಗಿಬಿಡುತ್ತಿತ್ತು.

"ಮಲಗೋ ಚಿಪ್ಪು ಯಾವ ಕೆಲಸಕ್ಕಮ್ಮಾ? ಟ್ರಯಲ್‌ನಲ್ಲಿ ಕೈಕೊಟ್ರೆ ನೀವು ಡಿಸೈನ್ ಬಿಟ್ಟು ಸ್ಟೋರ್ಸ್‌ಗೆ ಹೋಗಿ," ಅಂದರು ಸಾಹೇಬರು.

ಮೈಯೆಲ್ಲ ಉರಿಯಿತು. "ಆಗಲಿ ಸಾರ್," ಅಂದುಬಿಟ್ಟೆ. ಆಮೇಲೆ ಹೆದರಿಕೆಯಾಯಿತು. ಆ ಕೆಲಸವೆಂದರೆ ನನಗೆ ಪ್ರಾಣ.

ಟ್ರಯಲ್ ನಡೆದದ್ದು ರಾಯಲ್ಪಾಡಿನ ಹಾಲಿನ ಡೈರಿಯಲ್ಲಿ. ಅಲ್ಲಿ ಫೋನಿರಲಿಲ್ಲ. ಶುಕ್ರವಾರ ಅವರ ಚಿಪ್ಪಿನದೊಂದು, ನನ್ನ ಚಿಪ್ಪಿನದೊಂದು, ಎರಡೂ ಸೆಟ್ ಕೊಟ್ಟು, "ಹಾಲು ಅಳೆಯೋ ಹೊತ್ತಿಗೆ ಮಾತ್ರ ಆನ್ ಮಾಡಿ," ಎಂದು ಹೇಳಿ ಬಂದೆ. ಸಾಹೇಬರ ಬ್ಯಾಟರಿ ಲೆಕ್ಕವೆಲ್ಲ ಆ ಮಾತಿನ ಮೇಲೆ ನಿಂತಿತ್ತು.

ಸೋಮವಾರ ಹೋದರೆ, ಎರಡಕ್ಕೂ ಕುಂಕುಮ, ದಾಸವಾಳ. ಸಾಹೇಬರ ಸೆಟ್ಟಿನ ಕೆಂಪು ದೀಪ ಆರಿತ್ತು. ನನ್ನದು ಉರಿಯುತ್ತಿತ್ತು.

"ಆಫ್ ಮಾಡಲೇ ಇಲ್ವಾ?" ಅಂದೆ.

ಡೈರಿಯ ಅಧ್ಯಕ್ಷೆ, ಹಣ್ಣುಮುದುಕಿ, ನನ್ನನ್ನೇ ಗದರಿದರು. "ಶುಕ್ರವಾರ ಪೂಜೆ ಮಾಡಿ ಹಚ್ಚಿದ ದೀಪ ಎಟ್ಲಾ ಆರ್ಸೋದಮ್ಮಾ? ಅದೊಂದು ಶನಿವಾರಾನೇ ಹೋಯ್ತು. ನಾವೇನೂ ಮುಟ್ಟಿಲ್ಲ, ದೇವರಾಣೆ!"

ನನಗೆ ಕುಣಿಯುವಷ್ಟು ಖುಷಿ. ಯಾವ ಲ್ಯಾಬಿನಲ್ಲೂ ಇಂಥ ಪರೀಕ್ಷೆ ಹೊಳೆಯುತ್ತಿರಲಿಲ್ಲ. ಗುಂಡಿ ಒತ್ತಿ ಶ್ರೀನಿವಾಸಪುರದಲ್ಲಿ ಕಾಯುತ್ತಿದ್ದ ಸಾಹೇಬರನ್ನು ಕರೆದೆ.

"ಸ್ಪಷ್ಟವಾಗಿ ಕೇಳಿಸ್ತಿದೆ. ಬ್ಯಾಟರಿ ಬದಲಾಯಿಸಿದ್ರಾ?"

"ಇಲ್ಲ ಸಾರ್. ಶುಕ್ರವಾರದಿಂದ ಆಫೇ ಮಾಡಿಲ್ಲ."

"ಯಾರ ಸೆಟ್ಟು ಇದು?"

"ನಂದು ಸಾರ್."

ಆ ಕಡೆಯಿಂದ ಮಾತೇ ಇಲ್ಲ. ಅಧ್ಯಕ್ಷೆ ಗಾಬರಿಯಾಗಿ, "ಕೆಟ್ಟೋಯ್ತಾ?" ಅಂದರು.

"ಇಲ್ಲಮ್ಮ, ಸಾಹೇಬರು ಸುಮ್ಮನಾದರಲ್ಲ, ಅದಕ್ಕೇ ಚಿಪ್ಪು ಒಂದು ನಿದ್ದೆ ತೆಗೀತಿದೆ," ಅಂದೆ.